ಗಿಂಡಿ ಕಾರಿನಲ್ಲೇ ಉಳಿಯಿತು

ಕುಶಾಲನಗರದಿಂದ ತಲಕಾವೇರಿಗೆ ಸುಮಾರು 80 ಕಿ.ಮೀ. ನನಗೆ 44 ವರ್ಷ. ಹುಟ್ಟಿ ಬೆಳೆದದ್ದು, ಮದುವೆಯಾಗಿ ಉಳಿದದ್ದು ಎಲ್ಲಾ ಇದೇ ಊರಲ್ಲಿ. ಆದರೂ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ, ಅಂದರೆ ಕಾವೇರಿ ಉಕ್ಕಿ ಬರುವ ಗಳಿಗೆಗೆ ಅಂತ ಒಂದು ಸಲವೂ ಹೋಗಿರಲಿಲ್ಲ. ಬೇರೆ ದಿನ ಬೇಕಾದಷ್ಟು ಸಲ ಹೋಗಿದ್ದೇನೆ. ಬೆಂಗಳೂರಿಂದ ನೆಂಟರು ಬಂದರೆ ಅವರನ್ನು ಕರೆದುಕೊಂಡು ಹೋಗುವುದು, ಕಾವೇರಿ ಹುಟ್ಟುವ ಕುಂಡಿಕೆಗೆ ಕೈ ಮುಗಿಯುವುದು, ಮಂಜಿನಲ್ಲಿ ಫೋಟೊ ತೆಗೆಯುವುದು, ಊಟದ ಹೊತ್ತಿಗೆ ಮಡಿಕೇರಿ. ಪಕ್ಕದಲ್ಲೇ ಇರುವ ದೇವರಿಗೆ ಯಾವಾಗ ಬೇಕಾದರೂ ಹೋಗಬಹುದು ಅಂತ ಸಸಾರ ಅಲ್ವಾ.

2023ರಲ್ಲಿ ಹೋಗಲೇಬೇಕಾಯಿತು. ಅಮ್ಮ ಹೇಳಿದರು. "ಗಿಂಡಿ ಖಾಲಿ ಕೂತಿದೆ. ಈ ಸಲ ಯಾರಾದ್ರೂ ಹೋಗಿ ತೀರ್ಥ ತನ್ನಿ."

ಗಿಂಡಿ ಅಂದರೆ ನಮ್ಮ ದೇವರ ಗೂಡಿನಲ್ಲಿರುವ ತಾಮ್ರದ ಪುಟ್ಟ ಗಿಂಡಿ. ತಿರುಪಿನ ಮುಚ್ಚಳ. ಅಜ್ಜಿಯ ಕಾಲದ್ದು. ಅದರಲ್ಲಿ ಯಾವತ್ತೂ ತಲಕಾವೇರಿಯ ತೀರ್ಥ ಇರಬೇಕು ಅನ್ನುವುದು ಮನೆಯ ಪದ್ಧತಿ. ಕೊಡಗಿನ ಎಷ್ಟೋ ಮನೆಗಳಲ್ಲಿ ಹೀಗೆ ಇಟ್ಟಿರುತ್ತಾರೆ. ಯಾರಿಗಾದರೂ ಕೊನೆ ಗಳಿಗೆ ಬಂದರೆ ಬಾಯಿಗೆ ಹಾಕಲು ಬೇಕಲ್ಲ. ಅಪ್ಪ ಹೋಗುವ ದಿನ ಅದರಲ್ಲಿದ್ದದ್ದು ಎರಡೇ ಚಮಚ. ಅಲ್ಲಿಗೆ ಮುಗಿಯಿತು. ಅದರ ಮರುವರ್ಷ ನಮಗೆ ಬೆಟ್ಟ ಹತ್ತುವ ಹಾಗಿರಲಿಲ್ಲ. ವರ್ಷ ಕಳೆಯಲಿ ಅಂತ ಕಾದೆವು.

ಇದೇ ಗಿಂಡಿಯದು ಇನ್ನೊಂದು ಕಥೆ ಇದೆ. 2019ರ ಆಗಸ್ಟ್‌ನಲ್ಲಿ ಕಾವೇರಿ ನಮ್ಮ ಬಡಾವಣೆಗೆ ನುಗ್ಗಿದಾಗ ಮನೆಯೊಳಗೆ ಎದೆಮಟ್ಟ ನೀರು ಬಂತು. ನಾವೆಲ್ಲ ಓಡಿದೆವು. ವಾಪಸ್ ಬಂದು ನೋಡಿದರೆ ಗೋಡೆಯ ಮೇಲೆ ಕೆಸರಿನ ಗೆರೆ, ಗಿಂಡಿ ಇದ್ದ ಗೂಡಿಗಿಂತ ಸರಿಯಾಗಿ ಒಂದು ಗೇಣು ಕೆಳಗೆ. ಒಳಗಿನ ಕಾವೇರಿಯನ್ನು ಹೊರಗಿನ ಕಾವೇರಿ ಮುಟ್ಟಲಿಲ್ಲ ಅಂತ ಅಮ್ಮ ಇವತ್ತಿಗೂ ಹೇಳುತ್ತಾರೆ. ಎರಡು ಗೋದ್ರೆಜ್ ಬೀರು ಹಾಳಾಯಿತಲ್ಲ ಅಂದರೆ ಅದು ಬೇರೆ ವಿಷಯವಂತೆ.

2023ರಲ್ಲಿ ಮುಹೂರ್ತ ಅಕ್ಟೋಬರ್ 17ರ ರಾತ್ರಿ, ಅಂದರೆ 18ರ ಬೆಳಗಿನ ಜಾವ 1.27ಕ್ಕೆ. ಇದೇನು ಹೊತ್ತಲ್ಲದ ಹೊತ್ತಿಗೆ ಅಂತ ನಾನು ಗೊಣಗಿದೆ. ನನ್ನ ತಮ್ಮ ಗಣಿತದ ಮೇಷ್ಟ್ರು. ಅವನಿಗೆ ಇಷ್ಟು ಸಾಕು. "ಲೆಕ್ಕ ನೋಡಕ್ಕ. 2021ರಲ್ಲಿ ಮಧ್ಯಾಹ್ನ 1.11. ಹೋದ ವರ್ಷ ಸಂಜೆ 7.21. ಈಗ ರಾತ್ರಿ 1.27. ಪ್ರತಿ ವರ್ಷ ಆರು ಗಂಟೆ ಮುಂದಕ್ಕೆ ಹೋಗುತ್ತೆ. ವರ್ಷಕ್ಕೆ ಬರೀ 365 ದಿನ ಅಲ್ಲ, ಮೇಲೆ ಆರು ಗಂಟೆ ಚಿಲ್ಲರೆ ಇದೆಯಲ್ಲ, ಸೂರ್ಯ ತುಲಾ ರಾಶಿಗೆ ಬರೋದು ಅಷ್ಟು ತಡ ಆಗುತ್ತೆ." ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿ 29 ಬಂದು ಒಂದು ದಿನ ಸೇರುವುದರಿಂದ ತಾರೀಕು ಮಾತ್ರ 17-18ರ ಆಸುಪಾಸಿನಲ್ಲೇ ನಿಲ್ಲುತ್ತದಂತೆ. "ಹಾಗಾದ್ರೆ ಮುಂದಿನ ವರ್ಷ?" ಅಂದೆ. "ಬೆಳಿಗ್ಗೆ ಏಳೂವರೆ ಸುಮಾರಿಗೆ." ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಏನೂ ಹೇಳಲಿಲ್ಲ.

ಸಂಜೆ ಆರಕ್ಕೆ ಹೊರಟೆವು. ನವರಾತ್ರಿಯ ಮೂರನೇ ದಿನ. ಮಡಿಕೇರಿಯಲ್ಲಿ ದಸರಾ ದೀಪ, ಜನ, ಟ್ರಾಫಿಕ್. ಅದನ್ನು ದಾಟಿ ಬೆಟ್ಟಗೇರಿ, ಚೆಟ್ಟಿಮಾನಿ ರಸ್ತೆ ಹಿಡಿದ ಮೇಲೆ ಬರೀ ಕತ್ತಲು, ತಿರುವು, ಮುಂದಿನ ಗಾಡಿಯ ಕೆಂಪು ದೀಪ. ಭಾಗಮಂಡಲ ತಲುಪಿದಾಗ ಒಂಬತ್ತು ದಾಟಿತ್ತು. ಗಾಡಿಗಳನ್ನೆಲ್ಲ ಊರಿನ ಹೊರಗೇ ಒಂದು ಬಯಲಿಗೆ ಕಳಿಸುತ್ತಿದ್ದರು. ನಿಲ್ಲಿಸಿ ನಡೆದೆವು.

ಕ್ರಮ ಏನೆಂದರೆ ಮೊದಲು ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಸ್ನಾನ, ಆಮೇಲೆ ಭಗಂಡೇಶ್ವರನ ದರ್ಶನ, ಆಮೇಲೆ ಬೆಟ್ಟ. ಕಾವೇರಿ, ಕನ್ನಿಕೆ ಎರಡು ಕಣ್ಣಿಗೆ ಕಾಣುತ್ತವೆ. ಮೂರನೆಯ ಸುಜ್ಯೋತಿ ಭೂಮಿಯೊಳಗೆ ಹರಿಯುತ್ತಾಳೆ ಅಂತ ನಂಬಿಕೆ. ಜೋರು ಮಳೆಗಾಲದಲ್ಲಿ ಇದೇ ಸಂಗಮ ಉಕ್ಕಿ ರಸ್ತೆ ಮುಳುಗಿ ಊರು ದ್ವೀಪವಾಗುತ್ತದೆ. ಆ ರಾತ್ರಿ ನೀರು ಮೊಣಕಾಲಿನವರೆಗೆ. ಆ ವರ್ಷ ಮಳೆಯೇ ಆಗಿರಲಿಲ್ಲ.

ನೀರಿಗಿಳಿದಾಗ ಮಾತ್ರ ಉಸಿರೇ ನಿಂತಿತು. ಅಷ್ಟು ಚಳಿ. ಮೂರು ಮುಳುಗು ಹಾಕಬೇಕು ಅಂದುಕೊಂಡಿದ್ದೆ. ಒಂದನ್ನು ಹಾಕಿದೆ, ಎರಡನೆಯದು ಅರ್ಧ, ಮೂರನೆಯದಕ್ಕೆ ತಲೆಗೆ ಕೈಯಲ್ಲಿ ನೀರು ಹಾಕಿಕೊಂಡೆ. ಪಕ್ಕದಲ್ಲಿ ಒಬ್ಬರು ತಲೆ ಬೋಳಿಸಿಕೊಂಡು ಬಂದು ಪಿಂಡ ಬಿಡುತ್ತಿದ್ದರು. ಬಟ್ಟೆ ಬದಲಾಯಿಸುವ ಕಡೆ ಒಂದೇ ಬಲ್ಬು, ಒಂದೇ ಮೊಳೆ, ಅದಕ್ಕೆ ಹತ್ತು ಜನರ ಟವೆಲ್ಲು. ಒದ್ದೆ ಸೀರೆಯನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಹೊರಗೆ ಬಂದೆ. ಭಗಂಡೇಶ್ವರನ ಗುಡಿಯ ಇಳಿಜಾರು ಮಾಡಿನ ಕೆಳಗೆ ಸಾಲು ಉದ್ದ ಇತ್ತು, ಆದರೆ ಬೇಗ ಸಾಗಿತು. ಕೇರಳದ ಗುಡಿಗಳ ಹಾಗೆ ಕಟ್ಟಿದ್ದು, ಒಳಗೆ ಎಣ್ಣೆಯ ವಾಸನೆ, ಹಳೆ ಮರದ ವಾಸನೆ. ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು ಅನಿಸಿತು. ಹಿಂದಿನವರು ಬಿಡಲಿಲ್ಲ.

ಅಲ್ಲಿಂದ ತಲಕಾವೇರಿ 8 ಕಿ.ಮೀ. ಏರು. ಸಂಪ್ರದಾಯಸ್ಥರು ನಡೆದೇ ಹೋಗುತ್ತಾರೆ. ಕೊಡವ ಗಂಡಸರ ಒಂದು ಗುಂಪು ಕುಪ್ಯದ ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆ ಕಟ್ಟಿ, ದುಡಿ ಬಡಿಯುತ್ತಾ ಹಾಡಿಕೊಂಡು ಹೊರಟಿತ್ತು. ನಾನೂ ನಡೆಯೋಣ ಅಂದೆ. ತಮ್ಮ ನನ್ನ ಮೊಣಕಾಲು ನೋಡಿ ಬಸ್ಸಿನ ಸಾಲಿಗೆ ನಿಂತ.

ಬಸ್ಸು ಹೊರಟು ಎರಡು ತಿರುವು ಏರಿದ ಮೇಲೆ ನನಗೆ ಹೊಳೆಯಿತು.

"ಗಿಂಡಿ ಎಲ್ಲೋ?"

"ನಿನ್ನ ಬ್ಯಾಗಲ್ಲಿ."

"ನನ್ನ ಬ್ಯಾಗಲ್ಲಿ ಒದ್ದೆ ಸೀರೆ ಇದೆ. ನಿನಗೆ ಕೊಟ್ಟಿದ್ದೆ."

"ನಂಗೆ ಕೊಟ್ಟಿದ್ದು ಟಾರ್ಚು."

ಗಿಂಡಿ ಕಾರಿನ ಹಿಂದಿನ ಸೀಟಿನಲ್ಲಿತ್ತು. ಕಾರು ಬಯಲಿನಲ್ಲಿತ್ತು. ಬಸ್ಸು ತುಂಬಿ ತುಳುಕುತ್ತಿತ್ತು, ನಿಲ್ಲಿಸಿ ಅನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಯಾವುದಕ್ಕಾಗಿ ಹೊರಟೆವೋ ಅದನ್ನೇ ಬಿಟ್ಟು ಬಂದಿದ್ದೆವು. ಕೈಯಲ್ಲಿದ್ದ ಪಾತ್ರೆ ಅಂದರೆ ಕುಡಿದು ಅರ್ಧ ಮಾಡಿದ್ದ ಒಂದು ಲೀಟರಿನ ನೀರಿನ ಬಾಟಲಿ. ಅದರ ಮೇಲೆ ಯಾವುದೋ ಕಂಪನಿಯ ನೀಲಿ ಸ್ಟಿಕ್ಕರು. ಭಾಗಮಂಡಲದಲ್ಲಿ ಸಾಲು ಸಾಲು ಕ್ಯಾನು ಮಾರುತ್ತಿದ್ದರು. ನಮ್ಮ ಹತ್ತಿರ ಗಿಂಡಿ ಇದೆಯಲ್ಲ ಅಂತ ಜಂಬದಲ್ಲಿ ಮುಂದೆ ಬಂದಿದ್ದೆ.

ನನ್ನ ಪಕ್ಕ ಕೂತಿದ್ದವರು ಒಬ್ಬರು ಕೊಡವ ಅಜ್ಜಿ. ಎಪ್ಪತ್ತೈದು ದಾಟಿರಬೇಕು. ನೆರಿಗೆ ಹಿಂದಕ್ಕೆ ಸಿಕ್ಕಿಸಿ ಉಟ್ಟ ಸೀರೆ, ತಲೆಗೆ ವಸ್ತ್ರ, ಮಡಿಲಲ್ಲಿ ಎರಡು ಲೀಟರಿನ ಬಿಳಿ ಕ್ಯಾನು. ನಮ್ಮ ಜಗಳ ಪೂರ್ತಿ ಕೇಳಿಸಿಕೊಂಡಿದ್ದಾರೆ. ಕೊನೆಗೆ ಕನ್ನಡದಲ್ಲಿ ಹೇಳಿದರು. "ಬಾಟಲಿ ತೊಳ್ಕೊಂಡ್ರೆ ಆಯ್ತಲ್ಲ ಮಗಳೇ. ಅವಳು ಅಗಸ್ತ್ಯರ ಕಮಂಡಲದಲ್ಲೇ ನಿಲ್ಲಲಿಲ್ಲ. ನಿನ್ನ ಗಿಂಡಿ ಬರಲಿ ಅಂತ ಕಾಯ್ತಾಳಾ?"

ಸುತ್ತ ಇದ್ದವರೆಲ್ಲ ನಕ್ಕರು. ನನ್ನ ಮುಖ ಸ್ವಲ್ಪ ಹೊತ್ತು ಬಿಸಿಯಾಗಿಯೇ ಇತ್ತು.

ಕಥೆ ಎಲ್ಲರಿಗೂ ಗೊತ್ತಿರುವುದೇ. ಕವೇರ ಮುನಿಯ ಮಗಳು ಅಗಸ್ತ್ಯರನ್ನು ಮದುವೆಯಾಗುವಾಗ ಒಂದು ಮಾತು ಕೇಳಿದ್ದಳು, ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಒಂದು ದಿನ ಅವರು ಅವಳನ್ನು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದರು. ಅವಳು ನದಿಯಾಗಿ ಹರಿದೇ ಬಿಟ್ಟಳು. ಗಣಪತಿ ಕಾಗೆಯಾಗಿ ಬಂದು ಕಮಂಡಲ ಉರುಳಿಸಿದ ಅಂತಲೂ ಹೇಳುತ್ತಾರೆ. ಅಜ್ಜಿಗೆ ಕಾಗೆಯ ಕಥೆ ಅಷ್ಟು ಹಿಡಿಸುವುದಿಲ್ಲ. "ಕಾಗೆ ಯಾಕೆ ಬೇಕು? ಅವಳೇ ಹೊರಟಳು" ಅಂದರು. ಬಲಮುರಿಯಲ್ಲಿ ಜನ ಅಡ್ಡ ನಿಂತು ತಡೆದಾಗ ಅವಳು ರಭಸವಾಗಿ ಬಲಕ್ಕೆ ತಿರುಗಿದಳು, ಆ ಸೆಳೆತಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು, ಅದಕ್ಕೇ ನಾವು ಹೀಗೆ ಉಡುವುದು ಅಂತ ಬೆನ್ನು ತಿರುಗಿಸಿ ತೋರಿಸಿದರು. ಓಡುವ ಬಸ್ಸಿನಲ್ಲಿ, ಅರ್ಧ ಎದ್ದು ನಿಂತು.

ತಲಕಾವೇರಿ ಸಮುದ್ರ ಮಟ್ಟದಿಂದ 1276 ಮೀಟರ್ ಎತ್ತರ. ಬಸ್ಸಿಳಿದ ಕೂಡಲೇ ಆ ಎತ್ತರ ಕಿವಿಗೆ ಗೊತ್ತಾಗುತ್ತದೆ, ಗಾಳಿ ಹಾಗೆ ಬೀಸುತ್ತದೆ. ಮಂಜು ಅಂದರೆ ದೀಪದ ಕಂಬಗಳಿಗೆ ಕಂಬವೇ ಇಲ್ಲ, ಬರೀ ಬೆಳಕಿನ ಉಂಡೆಗಳು. ಈ ಬೆಟ್ಟದಲ್ಲಿ 2020ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಅರ್ಚಕರ ಮನೆ ಮಣ್ಣಿನಡಿ ಹೋಯಿತು. ಅಜ್ಜಿ ಕತ್ತಲಿನ ಕಡೆ ಒಂದು ಸಲ ನೋಡಿ ಕೈ ಮುಗಿದರು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಮಹಾದ್ವಾರ ದಾಟಿ ಮೆಟ್ಟಿಲು. 2007ರಲ್ಲಿ ಜೀರ್ಣೋದ್ಧಾರ ಆದ ಮೇಲೆ ಎಲ್ಲಾ ಕಲ್ಲಿನ ಹಾಸು, ವಿಶಾಲವಾಗಿದೆ. ಚಿಕ್ಕವಳಿದ್ದಾಗ ನೋಡಿದ ಜಾಗ ಹೀಗಿರಲಿಲ್ಲ. ಆಗ ಹುಲ್ಲು, ಪಾಚಿ, ಜಾರುವ ಕಲ್ಲು. ಈಗಿನದು ಅಚ್ಚುಕಟ್ಟು, ಒಪ್ಪುತ್ತೇನೆ. ಆದರೂ ಆ ಹಳೇದೇ ಕಾಡಿನೊಳಗಿನ ಜಾಗ ಅನಿಸುತ್ತಿತ್ತು. ಈ ರಾತ್ರಿಯ ಸಾವಿರಾರು ಜನ ಆ ಹಳೆ ಜಾಗದಲ್ಲಿ ಹೇಗೆ ಹಿಡಿಸುತ್ತಿದ್ದರು ಅಂತ ತಮ್ಮ ಕೇಳಿದ. ಅದೂ ಸರಿಯೇ.

ನಮಗೆ ಸಿಕ್ಕಿದ್ದು ಕೊಳದಿಂದ ದೂರ, ಹದಿನೈದನೇ ಸಾಲಿನ ಆಸುಪಾಸು. ಬ್ರಹ್ಮಕುಂಡಿಕೆ ಅಂದರೆ ದೊಡ್ಡ ಕೊಳ ಅಂದುಕೊಂಡು ಬರುವವರು ಇದ್ದಾರೆ. ಕೊಳದ ತಲೆಯ ಕಡೆ ಇರುವ ಪುಟ್ಟ ಚೌಕ ಅದು. ಹೂವಿನ ಅಲಂಕಾರದಲ್ಲಿ ಆ ದಿನ ಅದೂ ಮುಚ್ಚಿಹೋಗಿತ್ತು. ಅದರೊಳಗಿನ ಒರತೆಯೇ ಸುಮಾರು 800 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುವ ನದಿಯ ಮೊದಲು. ಬೆಟ್ಟದ ಆ ಮಗ್ಗುಲಿಗೆ ಅರಬ್ಬಿ ಸಮುದ್ರ ಎಷ್ಟು ಹತ್ತಿರ. ಇವಳು ಮಾತ್ರ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟವಳು. ಕುಂಡಿಕೆಯಿಂದ ನೀರು ಕಣ್ಣೆದುರು ಹರಿದು ಹೋಗುವುದಿಲ್ಲ, ನೆಲದೊಳಗೆ ಇಳಿದು ಕೆಳಗೆಲ್ಲೋ ಮತ್ತೆ ಕಾಣಿಸಿಕೊಳ್ಳುತ್ತದೆ.

ಒಂದೂವರೆ ಗಂಟೆ ಕಾಯಬೇಕು. ಕಾಯುವುದೇ ಇಲ್ಲಿ ಮುಖ್ಯ ಕೆಲಸ ಅಂತ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಕೂರಲು ಹೋದರೆ ಕಲ್ಲು ಒದ್ದೆ. ನಿಂತರೆ ಕಾಲು ಮರಗಟ್ಟುತ್ತದೆ. ಅಜ್ಜಿ ನ್ಯೂಸ್ ಪೇಪರ್ ತಂದಿದ್ದರು, ನಾಲ್ಕು ಪದರ ಮಡಚಿ ಕೂತರು, ನನಗೂ ಅರ್ಧ ಕೊಟ್ಟರು. ಇದು ಅವರಿಗೆ ಎಷ್ಟನೇ ಸಲ ಅಂತ ಕೇಳಿದೆ. "ಲೆಕ್ಕ ಇಟ್ಟಿಲ್ಲ" ಅಂದರು. ಬೆಳಿಗ್ಗೆ ಮನೆಗೆ ಹೋಗಿ ಕಣಿಪೂಜೆ ಮಾಡಬೇಕಂತೆ. ತಳಿಗೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಸೌತೆಕಾಯಿಯನ್ನೋ ತೆಂಗಿನಕಾಯಿಯನ್ನೋ ಕೆಂಪು ರೇಷ್ಮೆಯಲ್ಲಿ ಸುತ್ತಿ ಇಡುತ್ತಾರೆ. ಅದಕ್ಕೆ ಹೂವು, ಕೊಡವ ಹೆಂಗಸರ ತಾಳಿಯಾದ ಪತ್ತಾಕ್ ಸರ, ಬಳೆ. ಅವಳೇ ಕಾವೇರಮ್ಮ. ಗದ್ದೆಗೆ ಬೊತ್ತು ನೆಡುವ ಕೆಲಸ ಮೊಮ್ಮಗ ಮಾಡಿದ್ದಾನಂತೆ. ಬಳ್ಳಿಯ ಬಳೆ ಸಿಕ್ಕಿಸಿದ ಕೋಲು ಅದು. "ಸೊಟ್ಟ ನೆಟ್ಟಿದ್ದಾನೆ. ಇರಲಿ, ನೆಟ್ಟನಲ್ಲ."

ನಮ್ಮ ಹಿಂದೆ ಮಂಡ್ಯ ಕಡೆಯ ನಾಲ್ಕು ಜನ ರೈತರು. ಅವರ ಎಡಕ್ಕೆ ತಮಿಳುನಾಡಿನ ಒಂದು ಸಂಸಾರ. ನೀರಿನ ಗಲಾಟೆಗೆ ಬೆಂಗಳೂರು ಬಂದ್ ಆಗಿ, ಕರ್ನಾಟಕ ಬಂದ್ ಆಗಿ ಇನ್ನೂ ಮೂರು ವಾರ ಆಗಿತ್ತಷ್ಟೆ. ಆ ವರ್ಷ ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ. ತಮಿಳಿನವರು ಕಾಲು ಗಂಟೆಗೊಮ್ಮೆ ತಮಿಳಿನಲ್ಲಿ ಟೈಮ್ ಕೇಳುತ್ತಿದ್ದರು, ಮಂಡ್ಯದವರು ಕನ್ನಡದಲ್ಲಿ ಹೇಳುತ್ತಿದ್ದರು. ನೀರಿನ ವಿಷಯ ಇಬ್ಬರೂ ಎತ್ತಲಿಲ್ಲ. ಇಬ್ಬರ ಕೈಯಲ್ಲೂ ಐದೈದು ಲೀಟರಿನ ಕ್ಯಾನು.

ಒಂದು ಗಂಟೆ ದಾಟಿದ ಮೇಲೆ ಜನರಲ್ಲಿ ಏನೋ ಸಂಚಾರ ಶುರುವಾಯಿತು. ಕೂತವರು ಎದ್ದರು. ಮಕ್ಕಳು ಭುಜ ಹತ್ತಿದರು. ನಡೆದು ಬಂದ ಗುಂಪಿನ ದುಡಿಯ ಸದ್ದು ದ್ವಾರದ ಹತ್ತಿರ ಕೇಳಿಸಿತು. ಕುಂಡಿಕೆಯ ಕಡೆಯಿಂದ ಮಂತ್ರ, ಕುಂಕುಮಾರ್ಚನೆ. "ಉಕ್ಕಿ ಬಾ ಕಾವೇರಮ್ಮೆ" ಅಂತ ಒಂದು ಮೂಲೆಯಿಂದ ಹೊರಟ ಕೂಗು ನಮ್ಮ ಮೆಟ್ಟಿಲಿಗೆ ಬರುವಷ್ಟರಲ್ಲಿ ದೊಡ್ಡದಾಗಿತ್ತು. ನಾನು ಸಾಮಾನ್ಯವಾಗಿ ಗುಂಪಿನಲ್ಲಿ ಕೂಗುವವಳಲ್ಲ. ಕೂಗಿದೆ.

1.27. ಗಂಟೆ, ಜೈಕಾರ, ಎಲ್ಲಾ ಒಟ್ಟಿಗೆ. ನಾನು ಕಂಡದ್ದು ಹೇಳುತ್ತೇನೆ. ಒಂದು ಕಪ್ಪು ಜರ್ಕಿನ್ನಿನ ಬೆನ್ನು. ಅದರ ಮೇಲೆ ಎತ್ತಿ ಹಿಡಿದ ಇಪ್ಪತ್ತು ಮೊಬೈಲು. ಒಂದು ಮುರಿದ ಛತ್ರಿ. ಆಚೆ ಬೆಳಕು, ಆ ಬೆಳಕಿನಲ್ಲಿ ಯಾರದೋ ಕೈ ಪಾತ್ರೆಯಿಂದ ನೀರು ಎರಚಿದ್ದು. ಆ ನೀರು ಮಂಜಿನಲ್ಲಿ ಬೀಸಣಿಗೆಯ ಹಾಗೆ ಒಂದು ಕ್ಷಣ ನಿಂತಂತೆ ಕಾಣಿಸಿತು. ಆಮೇಲೆ ನನ್ನ ಎಡಗೆನ್ನೆಗೆ ಒಂದು ಹನಿ. ಅದು ತೀರ್ಥವೋ ಛತ್ರಿಯಿಂದ ಬಿದ್ದದ್ದೋ ಕೇಳಬೇಡಿ.

"ಉಕ್ಕಿದ್ದು ನೋಡಿದ್ಯಾ?" ಅಂತ ತಮ್ಮನನ್ನು ಕೇಳಿದೆ. ಅವನು ನನಗಿಂತ ಒಂದು ಅಡಿ ಉದ್ದ. "ಬರೀ ಮೊಬೈಲ್ ಕಾಣಿಸ್ತು" ಅಂದ. ಜರ್ಕಿನ್ನಿನವರು ತಿರುಗಿ, ನೀರು ಗುಳ್ಳೆ ಎದ್ದು ಮೇಲೆ ಬಂದದ್ದು ಸ್ಪಷ್ಟ ನೋಡಿದೆ ಅಂದರು. ಅವರ ಕಣ್ಣು ತುಂಬಿತ್ತು. ಅಜ್ಜಿ ನೋಡಲು ಪ್ರಯತ್ನವನ್ನೇ ಮಾಡಿರಲಿಲ್ಲ. ಕಣ್ಣು ಮುಚ್ಚಿ ನಿಂತಿದ್ದರು, ಕ್ಯಾನನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು.

ಆಮೇಲೆ ಶುರುವಾಯಿತು ನಿಜವಾದ ಕಷ್ಟ. ಎಲ್ಲರಿಗೂ ಒಟ್ಟಿಗೆ ಕೊಳಕ್ಕೆ ಇಳಿಯಬೇಕು, ಎಲ್ಲರಿಗೂ ತೀರ್ಥ ಮೊದಲು ಬೇಕು. ಹಿಂದಿನಿಂದ ತಳ್ಳುವವರಿಗೆ ಮುಂದೆ ಮೆಟ್ಟಿಲು ಇದೆ ಅನ್ನುವುದೇ ಗೊತ್ತಿರುವುದಿಲ್ಲ. ನನ್ನ ಸೀರೆಯ ಸೆರಗು ಯಾರದೋ ಬ್ಯಾಗಿನ ಜಿಪ್ಪಿಗೆ ಸಿಕ್ಕಿ ಪರ್ ಅಂತ ಹರಿಯಿತು. ಇಷ್ಟು ಹೊತ್ತು ಭಕ್ತಿಯಿಂದ ನಿಂತಿದ್ದ ಜನವೇ ಇದು ಅಂತ ನಂಬಲು ಆಗಲಿಲ್ಲ, ಅವರಲ್ಲಿ ನಾನೂ ಒಬ್ಬಳು. ಮುಂದಿನವರ ಬೆನ್ನಿಗೆ ಮೊಣಕೈ ಕೊಟ್ಟಿದ್ದು ನೆನಪಿದೆ. ತಮ್ಮ ಅಜ್ಜಿಯ ಎರಡೂ ಕಡೆ ಕೈ ಚಾಚಿ ಬೇಲಿಯ ಹಾಗೆ ನಿಂತ. ಹಾಗೆ ಅಂಗುಲ ಅಂಗುಲ ಸರಿದು ಕೊಳದ ಅಂಚಿಗೆ ಬಂದಾಗ ಎರಡೂಕಾಲು.

ಬಾಟಲಿ ತೊಳೆದೆ. ಸ್ಟಿಕ್ಕರ್ ಕಿತ್ತೆ, ಅದು ಪೂರ್ತಿ ಬರಲಿಲ್ಲ, ಅರ್ಧ ನೀಲಿ ಹಾಗೇ ಅಂಟಿಕೊಂಡಿತು. ತೀರ್ಥ ಹಾಕುತ್ತಿದ್ದವರ ಕೈ ಸೋತಿತ್ತು, ಯಾರ ಮುಖವನ್ನೂ ನೋಡದೆ ಹಾಕುತ್ತಿದ್ದರು. ಪಾತ್ರೆಯ ಅಂಚಿನಿಂದ ನೀರು ಬಾಟಲಿಯ ಸಣ್ಣ ಬಾಯಿಗೆ ಬೀಳುವುದಕ್ಕಿಂತ ನನ್ನ ಮಣಿಕಟ್ಟಿಗೆ ಜಾಸ್ತಿ ಬಿತ್ತು. ಮುಕ್ಕಾಲು ತುಂಬಿತು. ಮೇಲೆ ಅಗಸ್ತ್ಯೇಶ್ವರ, ಗಣಪತಿ ಗುಡಿಗಳಿಗೆ ಹೋಗಿ ಬಂದೆವು. ಗಣಪತಿಯ ಎದುರು ಅಜ್ಜಿ ಸ್ವಲ್ಪ ಬಿಗಿಯಾಗೇ ಕೈ ಮುಗಿದರು ಅಂತ ನನಗೆ ಅನಿಸಿತು. ಕಾಗೆಯ ಸಿಟ್ಟು ಇರಬೇಕು.

ಇಳಿಯುವ ಬಸ್ಸಿನಲ್ಲಿ ತಮ್ಮ ಪ್ಯಾಂಟು ಎತ್ತಿದರೆ ಕಾಲುಚೀಲದ ಮೇಲೆ ಎರಡು ಜಿಗಣೆ, ಕುಡಿದು ದ್ರಾಕ್ಷಿಯ ಹಾಗೆ ಆಗಿದ್ದವು. ಯಾರೋ ಸುಣ್ಣದ ಡಬ್ಬಿ ಕೊಟ್ಟರು. ಆ ಗದ್ದಲದಲ್ಲಿ ನನ್ನ ತೊಡೆ ಯಾಕೋ ತಣ್ಣಗಾಗುತ್ತಿದೆ ಅನಿಸಿ ನೋಡಿದರೆ ಬಾಟಲಿಯ ಮುಚ್ಚಳ ಸರಿ ಕೂತಿರಲಿಲ್ಲ. ಕಾಲು ಭಾಗ ಸೀರೆಗೆ ಹೋಗಿತ್ತು. ಅಜ್ಜಿ ನೋಡಿದರು. ಏನೂ ಹೇಳದೆ ತಮ್ಮ ಕ್ಯಾನಿನ ಮುಚ್ಚಳ ಬಿಚ್ಚಿ ನನ್ನ ಬಾಟಲಿಗೆ ಎರಡು ಗುಟುಕಿನಷ್ಟು ಸುರಿದರು. ಭಾಗಮಂಡಲದಲ್ಲಿ ಇಳಿದು ಅವರ ಮಗನ ಜೀಪಿನ ಕಡೆ ಹೋದರು. ಹೆಸರು ಕೇಳಬೇಕು ಅಂದುಕೊಂಡದ್ದು ಬೆಲ್ಲದ ಕಾಫಿ ಕುಡಿಯುವಾಗ.

ಕಾರಿನ ಬಾಗಿಲು ತೆಗೆದರೆ ಗಿಂಡಿ ಸೀಟಿನ ಮೇಲೆ, ಅಮ್ಮ ಸುತ್ತಿಕೊಟ್ಟ ಬಿಳಿ ಟವೆಲ್ಲಿನಲ್ಲಿ, ಹಾಗೇ ಕೂತಿತ್ತು. ಅಲ್ಲೇ ತುಂಬಿಸೋಣವಾ ಅಂತ ತಮ್ಮ ಕೇಳಿದ. ಬೇಡ, ಮನೆಯಲ್ಲಿ ಅಮ್ಮನೇ ಮಾಡಲಿ ಅಂದೆ. ನಿಜ ಹೇಳಬೇಕೆಂದರೆ ಕತ್ತಲಲ್ಲಿ ಇನ್ನಷ್ಟು ಚೆಲ್ಲುವ ಭಯ.

ಕುಶಾಲನಗರ ತಲುಪಿದಾಗ ಬೆಳಕು ಹರಿದಿತ್ತು. ನಮ್ಮ ಬಡಾವಣೆಯ ಕೊನೆಗೆ ಕಾಣುವ ಹೊಳೆ ಸಣ್ಣಗೆ, ಬಂಡೆಗಳ ನಡುವೆ ಹರಿಯುತ್ತಿತ್ತು. ಅಮ್ಮ ಸ್ನಾನ ಮುಗಿಸಿ ಬಾಗಿಲಲ್ಲೇ ನಿಂತಿದ್ದರು. ಉಕ್ಕಿತಾ, ಜನ ಎಷ್ಟಿತ್ತು, ಒಂದೂ ಕೇಳಲಿಲ್ಲ. ಬಾಟಲಿ ನೋಡಿದರು, ಗಿಂಡಿ ನೋಡಿದರು, ನಮ್ಮಿಬ್ಬರ ಮುಖ ನೋಡಿದರು. "ಮರೆತು ಹೋದ್ರಾ?" ಅಂದರು.

ಗಿಂಡಿಗೆ ಹುಣಸೆಹಣ್ಣು ಹಾಕಿ ಇನ್ನೊಂದು ಸಲ ತಿಕ್ಕಿ, ತೊಳೆದು, ಸ್ಟೀಲ್ ಆಲಿಕೆ ಇಟ್ಟು ಸುರಿದರು. ಒಂದು ಹನಿ ಹೊರಗೆ ಬೀಳಲಿಲ್ಲ. ಕೊರಳಿನವರೆಗೆ ತುಂಬಿ ಬಾಟಲಿಯಲ್ಲಿ ಇನ್ನೂ ಸ್ವಲ್ಪ ಉಳಿಯಿತು. ಅಷ್ಟರಲ್ಲಿ ಪಕ್ಕದ ಮನೆಯವರು ಲೋಟ ಹಿಡಿದು ಬಂದರು, ಎದುರು ಮನೆಯವರು ಚಮಚ ಹಿಡಿದು ಬಂದರು. ಬಾವಿಗೆ ಒಂದು ಚಮಚ ಹಾಕುವುದು ಪದ್ಧತಿ. ನಮಗೀಗ ಬಾವಿ ಇಲ್ಲ. ತಮ್ಮ ಏಣಿ ಹತ್ತಿ ಸಿಂಟೆಕ್ಸ್ ಟ್ಯಾಂಕಿಗೆ ಹಾಕಿ ಬಂದ.

ಖಾಲಿ ಬಾಟಲಿಯನ್ನು ನಾನು ಕಸಕ್ಕೆ ಹಾಕಲು ಹೋದೆ. ಅಮ್ಮ ಕೈಯಿಂದ ಕಿತ್ತುಕೊಂಡರು. ತೊಳೆದ ನೀರನ್ನು ತುಳಸಿಗೆ ಹಾಕಿ, ಬಾಟಲಿಯನ್ನು ಬೋರಲು ಹಾಕಿ ಕಿಟಕಿಯಲ್ಲಿಟ್ಟರು. ಅರ್ಧ ನೀಲಿ ಸ್ಟಿಕ್ಕರ್ ಇನ್ನೂ ಇತ್ತು.

"ಎಸೀಬೇಡ, ಇರಲಿ. ಮುಂದಿನ ವರ್ಷ ಬೆಳಿಗ್ಗೆ ಏಳೂವರೆ ಅಂದನಲ್ಲ ಇವನು?"

"ಸುಮಾರಿಗೆ" ಅಂದ ತಮ್ಮ, ಕಣ್ಣು ಮುಚ್ಚಿಕೊಂಡೇ.

"ಹಗಲಾದ್ರೆ ನಾನೂ ಬರ್ತೀನಿ. ಗಿಂಡಿ ನಾನೇ ಹಿಡ್ಕೋತೀನಿ."